ಕೈ ಸೋಕದ ಬಿಳುಪು

ಜ್ವರದಾಸ್ಪತ್ರೆಯ ಬಟ್ಟೆಗಳ ಮೂಲೆಯಲ್ಲಿದ್ದ ಹಳದಿ ದಾರವನ್ನು ಬಿಚ್ಚಿಸಿ, ಅದೇ ಜಾಗದಲ್ಲಿ ಹೋಟೆಲುಗಳ ಕೆಂಪು ದಾರ ಹಾಕುವಂತೆ ಹಬೆ ಲಾಂಡ್ರಿಯ ಯಜಮಾನರು ಹೇಳಿದರು. ಹಾಕಲಾಯಿತು. ನಾಲ್ಕು ತಿಂಗಳೊಳಗೆ ವಿಂಗಡಣೆ ಮೇಜಿನ ಆರು ಹೆಂಗಸರಲ್ಲಿ ಮೂವರು ಸತ್ತರು.

ದಾರ ಹಾಕಿದವಳು ಗುರುತಕ್ಕ. ಸತ್ತ ಮೂವರಲ್ಲಿ ಕೊನೆಯವಳು ಅವಳ ಒಡಹುಟ್ಟಿದ ತಂಗಿ.

ಗುರುತಕ್ಕ ಅನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಲಾಂಡ್ರಿಗೆ ಹೊಸದಾಗಿ ಬರುವ ಪ್ರತಿಯೊಂದು ಬಟ್ಟೆಯ ಮೂಲೆಗೂ ದಾರದಲ್ಲಿ ಗುರುತು ಹೊಲಿಯುವುದು ಅವಳ ಕೆಲಸ. ಇಪ್ಪತ್ತೆರಡು ವರ್ಷ ಒಂದೇ ಕಿಟಕಿಯ ಪಕ್ಕ, ಒಂದೇ ಸ್ಟೂಲಿನ ಮೇಲೆ ಕೂತು ಹೊಲಿದ ಮೇಲೆ ಅವಳ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದುಕೊಂಡಿತ್ತು. ಹೋಟೆಲುಗಳಿಗೆ ಕೆಂಪು ದಾರ, ರೈಲಿನವರಿಗೆ ನೀಲಿ, ಮನೆಗಳಿಗೆ ಕಪ್ಪು. ಯಾವ ಹೋಟೆಲು, ಯಾವ ಮನೆ ಅನ್ನುವುದನ್ನು ಹೊಲಿಗೆಯ ಲೆಕ್ಕ ಹೇಳುತ್ತಿತ್ತು. ಊರಿನ ದೊಡ್ಡ ಮನುಷ್ಯರ ಮುಖ ಅವಳಿಗೆ ಗೊತ್ತಿರಲಿಲ್ಲ, ಅವರ ದಿಂಬಿನ ಚೀಲಗಳು ಗೊತ್ತಿದ್ದವು. ಯಾವ ಮನೆಯಲ್ಲಿ ಗಂಡ ಹೆಂಡತಿ ಬೇರೆ ಬೇರೆ ಕೋಣೆಯಲ್ಲಿ ಮಲಗಲು ಶುರುಮಾಡಿದರು, ಯಾವ ಮನೆಯ ಜರ್ಬು ಇಳಿದು ಮೇಜಿನ ಬಟ್ಟೆಗೆ ತೇಪೆ ಬಿತ್ತು, ಎಲ್ಲ ಅವಳ ಬೆರಳಿಗೆ ಗೊತ್ತಿತ್ತು. ಬಾಯಿಗೆ ಮಾತ್ರ ಬೀಗ. ಊರಿನ ಕೊಳೆಯ ಬಗ್ಗೆ ಮಾತಾಡದೆ ಇರುವುದೇ ಲಾಂಡ್ರಿಯ ಮೊದಲ ನಿಯಮ, ಆ ನಿಯಮದಲ್ಲಿ ಅವಳನ್ನು ಮೀರಿಸಿದವರಿರಲಿಲ್ಲ.

ಲಾಂಡ್ರಿಯ ಕಥೆ ಅವಳ ಅಮ್ಮನಿಂದ ಶುರುವಾಗುತ್ತದೆ. ಲಾಂಡ್ರಿಯ ಕಚೇರಿಯಲ್ಲಿ ಗಾಜಿನ ಕಟ್ಟು ಹಾಕಿಸಿ ಗೋಡೆಗೆ ತೂಗಿಟ್ಟ ಕಥೆಯಲ್ಲಿ ಅಮ್ಮ ಇಲ್ಲ. ಅಲ್ಲಿರುವುದು ಯಜಮಾನರ ಅಪ್ಪ, ಅಂದರೆ ದೊಡ್ಡ ಯಜಮಾನರು. ಅವರು ಮುಚ್ಚಿಹೋದ ಎಣ್ಣೆ ಮಿಲ್ಲೊಂದರ ಬಾಯ್ಲರನ್ನು ಎತ್ತಿನ ಗಾಡಿಗಳಲ್ಲಿ ತರಿಸಿ ನದಿಯ ದಂಡೆಯ ಮೇಲೆ ನಿಲ್ಲಿಸಿದರಂತೆ, ಊರಿಗೆ ನಾಗರಿಕತೆ ಬಂತಂತೆ. ಬಾಯ್ಲರು ನಿಂತ ಜಾಗದಲ್ಲಿ ಅದಕ್ಕೆ ಮೊದಲು ಏನಿತ್ತು ಅನ್ನುವುದನ್ನು ಆ ಕಟ್ಟಿನೊಳಗೆ ಬರೆದಿಲ್ಲ. ಇದ್ದದ್ದು ಒಗೆಯುವ ಕಲ್ಲುಗಳು. ಸಾಲಾಗಿ ಅರವತ್ತು ಕಲ್ಲು, ಅರವತ್ತು ಸಂಸಾರ. ಅಮ್ಮನದು ಸೇತುವೆಯ ಕಡೆಯಿಂದ ಒಂಬತ್ತನೆಯದು.

ಬಾಯ್ಲರು ಬಂದ ವರ್ಷವೇ ನಗರಸಭೆಯಿಂದ ಒಂದು ಕಾಗದವೂ ಬಂತು. ನದಿಯಲ್ಲಿ ಬಟ್ಟೆ ಒಗೆದರೆ ಕುಡಿಯುವ ನೀರು ಹೊಲಸಾಗುತ್ತದೆ, ಆದ್ದರಿಂದ ಇನ್ನು ಯಾರೂ ಅಲ್ಲಿ ಒಗೆಯಕೂಡದು. ನೀರಿನ ಮೇಲೆ ಅಷ್ಟು ಕರುಣೆ ಇದ್ದ ನಗರಸಭೆಗೆ, ಲಾಂಡ್ರಿಯ ದಪ್ಪ ಕೊಳವೆಯೊಂದು ಸೇತುವೆಯ ಮೇಲುಗಡೆಯಿಂದ ಅದೇ ನೀರನ್ನು ಹೀರಿ, ಒಗೆಯುವ ಸೋಡಾ ಕುಡಿಸಿ, ಬೂದು ನೊರೆ ಮಾಡಿ ಸೇತುವೆಯ ಕೆಳಗೆ ಕಕ್ಕುವುದು ಮಾತ್ರ ಕಣ್ಣಿಗೆ ಬೀಳಲಿಲ್ಲ. ಕಲ್ಲುಗಳನ್ನು ಕಿತ್ತು ಲಾಂಡ್ರಿಯ ಪಾಯಕ್ಕೆ ಹಾಕಿದರು. ಕಲ್ಲಿನ ಹಿಂದೆಯೇ ಹೆಂಗಸರೂ ಒಳಗೆ ಹೋದರು, ಹೋಗದೆ ಬೇರೆ ದಾರಿ ಇರಲಿಲ್ಲ. ಅಮ್ಮ ಸಾಯುವವರೆಗೂ ಒಂದೇ ಮಾತು ಹೇಳುತ್ತಿದ್ದಳು: "ನಮ್ಮ ಕಲ್ಲಿನ ಮೇಲೆ ನಿಂತ್ಕೊಂಡು ನಮ್ಗೇ ಕೆಲಸ ಕೊಟ್ರು ನೋಡು, ಉಪಕಾರ ಅಂದ್ರೆ ಅದು!"

ಊರು ಬೆಳೆಯಿತು. ರೈಲು ನಿಲ್ದಾಣಕ್ಕೆ ಇನ್ನೆರಡು ಹಳಿ ಬಂದವು, ನಿಲ್ದಾಣದ ಸುತ್ತ ಹೋಟೆಲುಗಳು ಅಣಬೆ ಎದ್ದಂತೆ ಎದ್ದವು. ಒಂದು ಕಾಲದಲ್ಲಿ ಊರಾಚೆ ಒಂಟಿಯಾಗಿದ್ದ ಜ್ವರದಾಸ್ಪತ್ರೆ ಈಗ ಊರ ನಡುವೆ ಬಂತು. ಲಾಂಡ್ರಿಗೆ ಎರಡನೆಯ ಅಂತಸ್ತು, ಎರಡನೆಯ ಚಿಮಣಿ. ಬೀದಿಯ ಕಡೆಯ ಗೋಡೆಯ ಮೇಲೆ ಆಳೆತ್ತರದ ಅಕ್ಷರಗಳು: "ಕೈ ಸೋಕದ ಬಿಳುಪು." ಎಲ್ಲ ಯಂತ್ರವೇ ಮಾಡುತ್ತದೆ, ನಿಮ್ಮ ಹಾಸಿಗೆ ಬಟ್ಟೆಯನ್ನು ಯಾರದೋ ಕೈ ಮುಟ್ಟುವುದಿಲ್ಲ ಅನ್ನುವುದು ಅದರ ಅರ್ಥ. ಒಂದು ಚಾದರ ಹೊರೆಯಿಂದ ಇಳಿದು, ಬೆಂದು, ಹಿಂಡಿಸಿಕೊಂಡು, ರೋಲರಿನಡಿ ಹಾದು, ಮಡಿಕೆಯಾಗಿ ಮತ್ತೆ ಹೊರೆ ಸೇರುವಷ್ಟರಲ್ಲಿ ಹದಿನೇಳು ಹೆಂಗಸರ ಕೈ ದಾಟುತ್ತಿತ್ತು. ಆ ಅಕ್ಷರಗಳಿಗೆ ವರ್ಷಕ್ಕೊಮ್ಮೆ ಬಣ್ಣ ಹೊಡೆಸುತ್ತಿದ್ದರು.

ಆಸ್ಪತ್ರೆಯ ಬಟ್ಟೆ ಲಾಂಡ್ರಿಗೆ ಬರತೊಡಗಿದಾಗ ಆಗಿನ ವೈದ್ಯರು ಒಂದು ಷರತ್ತು ಹಾಕಿದ್ದರು. ಆಸ್ಪತ್ರೆಯ ಬಟ್ಟೆಗೆಲ್ಲ ಹಳದಿ ದಾರ. ಚೀಲಕ್ಕೂ ಹಳದಿ ಪಟ್ಟಿ. ಹಳದಿ ಚೀಲವನ್ನು ವಿಂಗಡಣೆ ಮೇಜಿನ ಮೇಲೆ ಬಿಚ್ಚುವ ಹಾಗಿಲ್ಲ. ಕಟ್ಟಿದ್ದು ಕಟ್ಟಿದ ಹಾಗೆ ಕುದಿಯುವ ಹಂಡೆಗೆ ಬೀಳಬೇಕು, ಒಂದು ಗಂಟೆ ಕುದ್ದ ಮೇಲೆಯೇ ಮನುಷ್ಯರು ಮುಟ್ಟಬೇಕು. ಒಂಬತ್ತು ವರ್ಷ ಹಾಗೆಯೇ ನಡೆಯಿತು. ಒಂಬತ್ತು ವರ್ಷದಲ್ಲಿ ಲಾಂಡ್ರಿಯ ಒಬ್ಬರಿಗೂ ಆ ಜ್ವರ ಅಂಟಲಿಲ್ಲ.

ಆಮೇಲೆ ನಿಲ್ದಾಣದ ಎದುರು ನಾಲ್ಕಂತಸ್ತಿನ ಹೊಸ ಹೋಟೆಲು ಎದ್ದಿತು. ಒಂದು ದಿನ ಮಡಿಸುವವರ ಕೈತಪ್ಪಿ, ತೊಳೆದು ಇಸ್ತ್ರಿಯಾದ ಆಸ್ಪತ್ರೆಯ ದಿಂಬಿನ ಚೀಲವೊಂದು ಆ ಹೋಟೆಲಿನ ಹೊರೆ ಸೇರಿತು. ಹಳದಿ ದಾರದ ಅರ್ಥ ತಿಳಿದಿದ್ದ ಅತಿಥಿಯೊಬ್ಬ ಹೋಟೆಲಿನ ಮಾಡು ಹಾರಿಹೋಗುವಂತೆ ಕೂಗಾಡಿದ. ಹೋಟೆಲಿನವರು ಲಾಂಡ್ರಿಗೆ ಬಂದು ಅದಕ್ಕಿಂತ ಜೋರಾಗಿ ಕೂಗಾಡಿದರು. ಯಜಮಾನರು ಕೈಮುಗಿದು ಮಾತು ಕೊಟ್ಟರು: ಇನ್ನು ಮುಂದೆ ಹಳದಿ ದಾರ ನಿಮ್ಮ ಕಣ್ಣಿಗೆ ಬೀಳುವುದಿಲ್ಲ.

ಯಜಮಾನರು ಮಾತಿಗೆ ತಪ್ಪುವವರಲ್ಲ. ಹೋಟೆಲಿನವರಿಗೆ ಕಂಡದ್ದು ದಾರ, ಹಾಗಾಗಿ ದಾರವನ್ನೇ ತೆಗೆಸಿದರು.

ಅಪ್ಪಣೆ ತಂದವರು ಗಂಜಿ ಮ್ಯಾನೇಜರು. ಅವರ ಕಾಲರಿಗೆ ಎಷ್ಟು ಗಂಜಿ ಹಾಕಿರುತ್ತಿತ್ತೆಂದರೆ ಪಕ್ಕದವರನ್ನು ನೋಡಬೇಕಾದರೂ ಇಡೀ ಮೈ ತಿರುಗಿಸಬೇಕಿತ್ತು. ಅವತ್ತು ಮೈ ತಿರುಗಿಸದೆ, ಕಿಟಕಿಯ ಕಡೆಗೇ ಮುಖ ಮಾಡಿ ಮಾತಾಡಿದರು.

"ಆಸ್ಪತ್ರೆ ಬಟ್ಟೆ ತೊಳೆದು ಬಂದ ಹಾಗೆ ಹಳದಿ ಬಿಚ್ಚು. ಕೆಂಪು ಹಾಕು. ಎರಡು ಹೊಲಿಗೆ."

"ಹಳದಿ ಅಂದ್ರೆ ಚೀಲ ಬಿಚ್ಚಬಾರದು ಅಂತ ಅಲ್ವ ಸಾರ್?"

"ಹಳದಿ ಇದ್ರೆ ತಾನೆ ಬಿಚ್ಚಬಾರದು? ಹಳದಿನೇ ಇಲ್ಲ ಅಂದ್ಮೇಲೆ ತೊಂದ್ರೆ ಎಲ್ಲಿದೆ?"

"ಮತ್ತೆ ಕುದಿಸೋ ಹಂಡೆ?"

"ಅದು ಹೋಟೆಲಿನ ಮೇಜಿನ ಬಟ್ಟೆಗೆ ಬೇಕು. ಕಲೆ ಹೋಗ್ತಿಲ್ಲ ಅಂತ ದಿನಾ ದೂರು. ಆಸ್ಪತ್ರೆಯವ್ರು ಅಲ್ಲೇ ಕುದಿಸಿ ಕಳಿಸ್ತಾರೆ ಈಗ, ಮಾತಾಗಿದೆ." ಬಾಗಿಲವರೆಗೆ ಹೋದವರು ಅಲ್ಲೇ ನಿಂತರು. "ಯಾರಾದ್ರೂ ಕೇಳಿದ್ರೆ ಹೋಟೆಲಿಂದು ಅನ್ನು. ಸುಮ್ನೆ ಹೆಂಗಸ್ರು ಗಾಬರಿ ಬೀಳೋದು ಬೇಡ."

ಆಸ್ಪತ್ರೆಯವರೇ ಕುದಿಸಿ ಕಳಿಸುತ್ತಾರೆ ಅನ್ನುವುದನ್ನು ಗುರುತಕ್ಕ ನಂಬಿದಳು. ನಂಬಿದಳು ಅನ್ನುವುದಕ್ಕಿಂತ ನಂಬಿಕೊಂಡಳು. ನಂಬಿಕೊಳ್ಳದಿದ್ದರೆ ಮಾತಾಡಬೇಕಾಗುತ್ತಿತ್ತು, ಮಾತಾಡಿದರೆ ಕಿಟಕಿಯ ಪಕ್ಕದ ಸ್ಟೂಲು ಬಿಟ್ಟು ಹಬೆಯ ಕೋಣೆಯಲ್ಲಿ ನಿಲ್ಲಬೇಕಾಗುತ್ತಿತ್ತು. ನಲವತ್ತೈದು ದಾಟಿದ ಮಂಡಿಗಳು ಹಬೆಯ ಕೋಣೆಯನ್ನು ತಾಳುವುದಿಲ್ಲ. ಮೂರು ವಾರದಲ್ಲಿ ಆರುನೂರು ಬಟ್ಟೆಯ ಹಳದಿ ಬಿಚ್ಚಿ ಕೆಂಪು ಹಾಕಿದಳು. ಹಳದಿ ಪಟ್ಟಿಯ ಚೀಲಗಳು ಹರಿದು ನೆಲ ಒರೆಸುವ ಬಟ್ಟೆಗಳಾದವು. ಆಸ್ಪತ್ರೆಯ ಹೊರೆ ಹೋಟೆಲಿನ ಗಾಡಿಯಲ್ಲೇ ಬಂದು, ಹೋಟೆಲಿನ ಹೊರೆಯ ಜೊತೆಗೇ ವಿಂಗಡಣೆ ಮೇಜಿನ ಮೇಲೆ ಬೀಳತೊಡಗಿತು.

ಈಗ ಆ ಮೇಜಿನ ಒಂದು ರೂಢಿಯನ್ನು ಹೇಳಬೇಕು. ಲಾಂಡ್ರಿಯ ಹೊರಗಿನವರಿಗೆ ಅದು ಹೇಸಿಗೆ ಅನ್ನಿಸಬಹುದು. ಸೋಡಾದಲ್ಲಿ ಬೆಂದು ಬೆಂದು ದಾರದ ಬಣ್ಣ ಸಾಯುತ್ತದೆ. ಅದರಲ್ಲೂ ಯಜಮಾನರು ಈಚೆಗೆ ತರಿಸುತ್ತಿದ್ದ ಅಗ್ಗದ ದಾರ ನಾಲ್ಕು ಒಗೆತಕ್ಕೆ ಮಂಕಾಗುತ್ತಿತ್ತು. ಕೆಂಪು ಕಂದಾಗುತ್ತದೆ, ಕಪ್ಪೂ ಕಂದಾಗುತ್ತದೆ, ನೀಲಿ ಬೂದಿಯಾಗುತ್ತದೆ. ಒಣ ಬಟ್ಟೆಯಲ್ಲಿ ಯಾವುದು ಯಾವುದೆಂದು ಕಾಣುವುದಿಲ್ಲ, ಒದ್ದೆಯಾದರೆ ಸತ್ತ ಬಣ್ಣ ಒಂದು ಗಳಿಗೆ ಎದ್ದು ಬರುತ್ತದೆ. ಮೇಜಿನ ಮೇಲೆ ಮೊದಲು ನೀರಿನ ಬಟ್ಟಲುಗಳಿದ್ದವು. ನೀರು ಚೆಲ್ಲಿ ಹೊರೆಗೆ ಬೂಷ್ಟು ಹಿಡಿಯುತ್ತದೆಂದು ಗಂಜಿ ಮ್ಯಾನೇಜರು ಅವನ್ನು ಎತ್ತಿಸಿದ್ದರು. ಅಂದಿನಿಂದ ಹೆಂಗಸರು ಕೊಳೆ ಬಟ್ಟೆಯ ಮೂಲೆಯನ್ನು ನಾಲಿಗೆಯ ತುದಿಗೆ ತಾಗಿಸಿ, ಬೆಳಕಿಗೆ ಹಿಡಿದು, ಬಣ್ಣ ನೋಡಿ ಎಸೆಯುತ್ತಿದ್ದರು. ಕಣ್ಣು ಮಿಟುಕಿಸುವಷ್ಟು ಹೊತ್ತು. ದಿನಕ್ಕೆ ಇನ್ನೂರು ಮುನ್ನೂರು ಸಲ. ಕೈ ಸೋಕದ ಬಿಳುಪನ್ನು ಹೀಗೆ ನಾಲಿಗೆ ಸೋಕುತ್ತಿತ್ತು.

ತಂಗಿಗೆ ಇದನ್ನು ಕಲಿಸಿದವಳೂ ಗುರುತಕ್ಕನೇ. ಮದುವೆಯಾದ ವರ್ಷ ತಂಗಿ ಲಾಂಡ್ರಿಗೆ ಸೇರಿದಾಗ, "ನೆಕ್ಕಬಾರ್ದು ಕಣೆ, ಸುಮ್ನೆ ತಾಗಿಸ್ಬೇಕು, ಸೂಜಿಗೆ ದಾರ ಪೋಣಿಸೋ ಮುಂಚೆ ತುದಿ ಒದ್ದೆ ಮಾಡ್ತೀವಲ್ಲ, ಹಾಗೆ," ಎಂದು ಪಕ್ಕದಲ್ಲಿ ನಿಂತು ಮಾಡಿ ತೋರಿಸಿದ್ದಳು. ತಂಗಿ ಮೊದಲ ದಿನ ಓಕರಿಸಿದಳು. ಎರಡನೆಯ ವಾರಕ್ಕೆ ಮೇಜಿನ ಹಳಬರಿಗಿಂತ ಚುರುಕಾಗಿದ್ದಳು.

ಕೆಂಪು ದಾರ ಬಂದು ತಿಂಗಳಾಗಿತ್ತು. ಮಧ್ಯಾಹ್ನದ ಬಿಡುವಿನಲ್ಲಿ ತಂಗಿ ಗುರುತಕ್ಕನ ಕೋಣೆಗೆ ಬಂದು ಹೊಸ್ತಿಲ ಮೇಲೆ ಕೂತಳು. ಜೊತೆಗೆ ಮೇಜಿನ ಬಾಯಿಬಡುಕಿ. ಅವಳು ಬಾಯಿ ಮುಚ್ಚಿದ್ದನ್ನು ನೋಡಿದವರಿಲ್ಲ, ಹಾಗಾಗಿ ಆ ಹೆಸರು.

"ಅಕ್ಕಾ, ಈ ಎರಡು ಹೊಲಿಗೆ ಕೆಂಪು ಯಾವ ಹೋಟೆಲ್ದು?" ತಂಗಿ ಕೇಳಿದಳು. "ಒಂಥರಾ ಔಷಧಿ ವಾಸನೆ. ನಾಲಿಗೆ ಮೇಲೆ ಕಹಿ ನಿಂತ್ಬಿಡ್ತದೆ."

ಗುರುತಕ್ಕ ಸೂಜಿಯಿಂದ ಕಣ್ಣೆತ್ತಲಿಲ್ಲ. "ಅದು ಹೊಸ ಹೋಟೆಲಿಂದು."

"ಅಲ್ಲೇನು ಔಷಧಿ?"

"ಅಯ್ಯೋ, ಅಷ್ಟೂ ಗೊತ್ತಾಗಲ್ವ ನಿಂಗೆ?" ಬಾಯಿಬಡುಕಿ ನಡುವೆ ಬಾಯಿ ಹಾಕಿದಳು. "ಅಲ್ಲಿ ತಿಂದೋರೆಲ್ಲ ನೆಟ್ಟಗೆ ಆಸ್ಪತ್ರೆಗೇ ಹೋಗೋದಂತೆ. ಯಾಕೆ ಸುಮ್ನೆ ತಡ ಅಂತ ವಾಸನೆನ ಹೋಟೆಲ್‌ನಲ್ಲೇ ಶುರು ಮಾಡವ್ರೆ!"

ಮೂವರೂ ನಕ್ಕರು. ಗುರುತಕ್ಕನೂ ನಕ್ಕಳು.

ಮೊದಲು ಮಲಗಿದವಳು ಮೇಜಿನ ತುದಿಯ ಎತ್ತರದ ಹೆಂಗಸು. ತಲೆನೋವು ಅಂದಳು, ಹೊಟ್ಟೆ ಅಂದಳು, ಮೂರು ವಾರ ಸುಟ್ಟು ಸತ್ತಳು. ಲಾಂಡ್ರಿಯಲ್ಲಿ ಅರ್ಧ ನಿಮಿಷ ಯಂತ್ರ ನಿಲ್ಲಿಸಿ ಶೋಕಿಸಿದರು. ಆ ಅರ್ಧ ನಿಮಿಷವೂ ಗುರುತಕ್ಕ ಮಡಿಲಲ್ಲಿದ್ದ ಚಾದರದ ಎರಡು ಹೊಲಿಗೆಯನ್ನು ನೋಡುತ್ತ ಕೂತಿದ್ದಳು. ಅಂದು ಸಂಜೆ ಗೇಟಿನ ಹತ್ತಿರ ತಂಗಿಯ ಮೊಣಕೈ ಹಿಡಿದು ಪಕ್ಕಕ್ಕೆ ಎಳೆದಳು.

"ನಾಳೆಯಿಂದ ನಾಲಿಗೆಗೆ ತಾಗಿಸ್ಬೇಡ."

"ಯಾಕೆ?"

"ಗಲೀಜು ಕಣೆ."

"ಹನ್ನೊಂದು ವರ್ಷ ಆದ್ಮೇಲೆ ಈಗ ಗಲೀಜಾ?" ತಂಗಿ ನಕ್ಕಳು. "ನೀನೇ ಕಲಿಸಿದ್ದು ತಾಯಿ! ಬಟ್ಟಲು ಬೇಡ, ನಾಲಿಗೆ ಬೇಡ, ಇನ್ನೇನು ಮೂಗಿಂದ ಬಣ್ಣ ನೋಡ್ಲಾ?"

ಹೇಳಬಹುದಾಗಿತ್ತು. ಎರಡೇ ಮಾತು, ಅದು ಆಸ್ಪತ್ರೆಯ ಬಟ್ಟೆ ಎಂದು. ಹೇಳಿದರೆ ಹಾಕಿದ್ದು ಯಾರು ಅನ್ನುವ ಪ್ರಶ್ನೆ ಬರುತ್ತಿತ್ತು. ಗುರುತಕ್ಕ ತಂಗಿಗೆ ಕಾರಣ ಹೇಳಲಿಲ್ಲ. ಮೇಜಿನ ಉಳಿದ ನಾಲ್ವರಿಗೆ ಅಷ್ಟನ್ನೂ ಹೇಳಲಿಲ್ಲ. ತಂಗಿ ಅಕ್ಕನ ಮಾತಿಗೆ ಬೆಲೆ ಕೊಟ್ಟು ಒಂದು ದಿನ ನಾಲಿಗೆಗೆ ತಾಗಿಸದೆ ಕೆಲಸ ಮಾಡಿದಳು. ಕೆಲಸ ಹಿಂದೆ ಬಿತ್ತು, ಗಂಜಿ ಮ್ಯಾನೇಜರಿಂದ ಬೈಸಿಕೊಂಡಳು. ಮಾರನೆಯ ದಿನ ಕೈ ತನ್ನಷ್ಟಕ್ಕೆ ಬಾಯಿಗೆ ಹೋಯಿತು.

ಎರಡನೆಯವಳು ಮಲಗಿದ ವಾರವೇ ತಂಗಿಯೂ ಮಲಗಿದಳು. ಜ್ವರದಾಸ್ಪತ್ರೆಗೆ ಸೇರಿಸಿದರು.

ಗುರುತಕ್ಕ ನೋಡಲು ಹೋದದ್ದು ಭಾನುವಾರ. ಉದ್ದನೆಯ ಕೋಣೆ, ಎರಡು ಸಾಲು ಮಂಚ, ಸುಣ್ಣದ ಗೋಡೆ. ತಂಗಿಯ ಕೂದಲು ಕತ್ತರಿಸಿದ್ದರು, ತುಟಿ ಒಡೆದಿತ್ತು. ಚಾದರದ ಮೂಲೆಯನ್ನು ಹೆಬ್ಬೆರಳಲ್ಲಿ ಉಜ್ಜುತ್ತ ಮಲಗಿದ್ದಳು. ಹನ್ನೊಂದು ವರ್ಷ ಮೂಲೆ ಹುಡುಕಿದ ಬೆರಳು ಮಲಗಿದರೂ ಮೂಲೆಯನ್ನೇ ಹುಡುಕಿತ್ತು.

"ಅಕ್ಕಾ, ಇದು ನಿನ್ನ ಹೊಲಿಗೆ ಅಲ್ವ?"

ಕಂದು ದಾರ. ಎರಡು ಹೊಲಿಗೆ. ಕೊನೆಯಲ್ಲಿ ಗುರುತಕ್ಕ ಮಾತ್ರ ಹಾಕುವ ಪುಟ್ಟ ಗಂಟು.

"ಹೋಟೆಲಿಂದು ಅಂದಿದ್ದೆ," ತಂಗಿ ಅಂದಳು.

ಮ್ಯಾನೇಜರು ಹೇಳಿದ್ದು, ಆಸ್ಪತ್ರೆಯವರೇ ಕುದಿಸುತ್ತಾರೆ ಅಂದದ್ದು, ಸ್ಟೂಲು, ಮಂಡಿನೋವು, ಎಲ್ಲ ಗುರುತಕ್ಕನ ನಾಲಿಗೆಯ ತುದಿಗೆ ಬಂತು. ಆ ಮಂಚದ ಮುಂದೆ ಯಾವುದೂ ಹೇಳುವಂಥ ಮಾತಾಗಿರಲಿಲ್ಲ. "ಅಂದಿದ್ದೆ," ಅಂದಳು.

"ಹೇಳಿದ್ರೆ ನಾನು ಬಾಯಿಗೆ ಹಾಕ್ತಿರಲಿಲ್ಲ ಕಣೆ," ತಂಗಿ ಹೇಳಿದಳು. "ಅಷ್ಟೇ." ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡಳು. ಗುರುತಕ್ಕ ಭೇಟಿಯ ಹೊತ್ತು ಮುಗಿಯುವ ತನಕ ಅವಳ ಬೆನ್ನನ್ನು ನೋಡುತ್ತ ಕೂತಳು. ಬುಧವಾರ ತಂಗಿ ಸತ್ತಳು. ಅದಕ್ಕೆ ನಾಲ್ಕು ದಿನ ಮೊದಲು ಎರಡನೆಯವಳು ಹೋಗಿದ್ದಳು.

ಮಣ್ಣು ಮಾಡಿದ ಮರುದಿನ ಬೆಳಿಗ್ಗೆ ಗುರುತಕ್ಕ ತನ್ನ ಕೋಣೆಗೆ ಹೋಗಲಿಲ್ಲ. ಮನೆಯಿಂದ ತಂದ ಬಟ್ಟಲಿಗೆ ನೀರು ತುಂಬಿಸಿ ನೆಟ್ಟಗೆ ವಿಂಗಡಣೆ ಮೇಜಿನ ಮೇಲಿಟ್ಟಳು. ಉಳಿದ ಮೂವರ ಮುಂದೆ ನಿಂತು, ಎರಡು ಹೊಲಿಗೆಯ ಕೆಂಪು ಅಂದರೆ ಜ್ವರದಾಸ್ಪತ್ರೆ, ಹಾಕಿದವಳು ನಾನು, ಗೊತ್ತಿದ್ದೇ ಹಾಕಿದೆ, ಎಂದು ಹೇಳಿದಳು. ಬಾಯಿಬಡುಕಿ ನಾಲಿಗೆಯನ್ನು ಸೆರಗಿಂದ ಒರೆಸಿಕೊಂಡಳು. ಆಮೇಲೆ ಬಟ್ಟಲನ್ನು ನೋಡಿದಳು.

"ಮೂರು ಹೆಣ ಬಿದ್ಮೇಲೆ ಬಟ್ಟಲು ತಂದ್ಯಾ?"

ಗುರುತಕ್ಕ ಬಟ್ಟಲನ್ನು ಮೇಜಿನ ನಡುವಿಗೆ ಸರಿಸಿದಳು.

"ನಿನ್ನ ತಂಗಿ ಮಲಗದೆ ಇದ್ದಿದ್ರೆ ಇದನ್ನೂ ತರ್ತಿರಲಿಲ್ಲ. ಹೋಗು, ಕಣ್ಮುಂದೆ ನಿಲ್ಬೇಡ."

ಅಂದಿನಿಂದ ಲಾಂಡ್ರಿಯಲ್ಲಿ ಅವಳೊಡನೆ ಯಾರೂ ಮಾತಾಡಲಿಲ್ಲ. ಹೆಂಗಸರು ಅವಳ ಕೋಣೆಯ ಮುಂದೆ ಹಾದುಹೋಗುವಾಗ ಮೂಗು ಮುರಿಯುತ್ತಿರಲಿಲ್ಲ, ಬೈಯುತ್ತಿರಲಿಲ್ಲ, ಅಲ್ಲಿ ಯಾರೂ ಇಲ್ಲವೆಂಬಂತೆ ಹೋಗುತ್ತಿದ್ದರು. ಎರಡು ಹೊಲಿಗೆಯ ಬಟ್ಟೆ ಕಂಡ ಚೀಲಗಳನ್ನು ಮಾತ್ರ ಮೇಜಿನವರು ಮುಟ್ಟಲೊಲ್ಲೆವೆಂದು ಮೂಲೆಗೆ ಎಸೆದರು. ಹೊರೆ ಬೆಳೆಯಿತು.

ಅಷ್ಟರಲ್ಲಿ ಆಸ್ಪತ್ರೆಯ ಈಗಿನ ವೈದ್ಯರಿಗೂ ಅನುಮಾನ ಬಂದಿತ್ತು. ಒಂದೇ ಲಾಂಡ್ರಿ, ಒಂದೇ ಮೇಜು, ಮೂರು ಸಾವು. ಅವರು ನಗರಸಭೆಗೆ ಬರೆದರು. ಮುಂದಿನ ವಾರದ ಶುಕ್ರವಾರ ಬೆಳಿಗ್ಗೆ ಆರೋಗ್ಯಾಧಿಕಾರಿ ಲಾಂಡ್ರಿಗೆ ಬಂದು ಬಟ್ಟೆಗಳನ್ನು ಕಣ್ಣಾರೆ ನೋಡುತ್ತಾರೆಂದು ಸುದ್ದಿ ಬಂತು. ಅದಕ್ಕೆ ಎರಡು ದಿನ ಮೊದಲು, ಬುಧವಾರ ಸಂಜೆಯೇ ಕಚೇರಿಯಿಂದ ಇನ್ನೊಂದು ಸುದ್ದಿ ಹೊರಬಿತ್ತು, ಅದು ಗುಮಾಸ್ತರ ಬಾಯಿಂದ ಗೇಟಿನವನ ಬಾಯಿಗೆ, ಅಲ್ಲಿಂದ ಬೀದಿಗೆ ಹರಡಿತು: ಸತ್ತ ಮೂವರೂ ಹಳದಿ ಚೀಲಗಳನ್ನು ಕದ್ದು ಬಿಚ್ಚುತ್ತಿದ್ದರಂತೆ. ರೋಗಿಗಳ ಅಂಗಿ ಜೇಬಿನಲ್ಲಿ ಏನಾದರೂ ಸಿಕ್ಕೀತೆಂದು ತಡಕಾಡುತ್ತಿದ್ದರಂತೆ. ಕಂಪನಿ ಎಷ್ಟು ಎಚ್ಚರಿಕೆ ಹೇಳಿದರೂ ಕೇಳಲಿಲ್ಲವಂತೆ.

ಗುರುವಾರ ಬೆಳಿಗ್ಗೆ ತಂಗಿಯ ಗಂಡ ಗುರುತಕ್ಕನನ್ನು ಕೆಳಗೆ ಬಾಯ್ಲರಿನ ಹತ್ತಿರ ಕರೆಸಿಕೊಂಡ. ಅವನು ಬಾಯ್ಲರಿಗೆ ಕಲ್ಲಿದ್ದಲು ಹಾಕುವವನು. ಹೆಂಡತಿ ಸತ್ತು ವಾರವಷ್ಟೇ ಆಗಿತ್ತು, ಸಲಿಕೆ ಬಿಟ್ಟಿರಲಿಲ್ಲ. ಲಾಂಡ್ರಿಯ ಹಿಂದಿನ ಸಾಲುಮನೆಗಳಲ್ಲಿ ಅವನದೊಂದು, ಗುರುತಕ್ಕನದೊಂದು, ಎರಡೂ ಕಂಪನಿಯವು.

"ಮ್ಯಾನೇಜ್ರು ಬಂದಿದ್ರು ಅಕ್ಕಾ," ಬೆಂಕಿಯ ಬಾಗಿಲು ಮುಚ್ಚಿ ಹೇಳಿದ. "ನೀನು ಹಳದಿ ವಾಪಸ್ ಹಾಕ್ಬೇಕಂತೆ. ಇವತ್ತು ಸಂಜೆಯೊಳಗೆ. ನಿಂಗೆ ಬುದ್ಧಿ ಹೇಳು ಅಂತ ನಂಗೆ ಹೇಳಿದ್ರು."

"ಹೇಳು ಮತ್ತೆ."

"ಹಾಕ್ಬಿಡು ಅಕ್ಕಾ."

"ನಿನ್ನ ಹೆಂಡ್ತೀನ ಕಳ್ಳಿ ಅಂತಾರೆ."

ಅವನು ಮಸಿ ಮೆತ್ತಿದ ಕೈಯಿಂದ ಮುಖ ಒರೆಸಿಕೊಂಡ. ಮುಖ ಇನ್ನಷ್ಟು ಕಪ್ಪಾಯಿತು. "ಹೋದೋಳಿಗೆ ಕೇಳಿಸಲ್ಲ. ಇರೋರಿಗೆ ಸೂರು ಬೇಕಲ್ಲ. ಆಸ್ಪತ್ರೆ ಬಟ್ಟೆಗೆ ಹಂಡೆ ಕಾಯಿಸೋದನ್ನ ನಿಲ್ಲಿಸ್ದೋನು ನಾನೇ ಅಲ್ವ? ಹಳದಿ ಚೀಲ ಯಾಕೆ ಬರ್ತಿಲ್ಲ ಅಂತ ನಾನೂ ಕೇಳಲಿಲ್ಲ. ನೀನು ಬಾಯ್ಬಿಟ್ರೆ ನನ್ನನ್ನೂ ಎಳೀತಾರೆ." ಸಲಿಕೆಯನ್ನು ಗೋಡೆಗೆ ಒರಗಿಸಿದ. "ಮನೇಲಿ ಅವಳು ಊಟ ಬಡಿಸ್ತಾ, ನಾಲಿಗೆ ಕಹಿ ಕಣ್ರೀ ಅನ್ನೋಳು. ನಾನು ಇವಳಿಗೆ ದಿನಾ ಒಂದು ರಾಗ ಅಂತ ರೇಗ್ತಿದ್ದೆ."

ಗುರುತಕ್ಕನಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಅವನಲ್ಲಿ ತನ್ನನ್ನೇ ನೋಡಿದಂತಾಯಿತು, ಅದು ಸಿಟ್ಟಿಗಿಂತ ಕೆಟ್ಟದ್ದು. ಇಬ್ಬರೂ ಕೇಳದೆ ಇದ್ದವರು. ಒಬ್ಬರು ದಾರದ ಹತ್ತಿರ, ಒಬ್ಬರು ಬೆಂಕಿಯ ಹತ್ತಿರ. ಅವರ ನಡುವೆ ಆ ಹುಡುಗಿ ಮೇಜಿನ ಮುಂದೆ ನಿಂತು ಮೂಲೆಗಳನ್ನು ಬಾಯಿಗೆ ಹಿಡಿದಿದ್ದಳು.

"ನಿಂಗೆ ಮನೆ ಉಳಿಯೋ ಹಾಗೆ ನೋಡ್ಕೋ ತಮ್ಮಾ," ಅಂದಳು. "ನಿನ್ನ ಹೆಸ್ರು ನಾನು ಎತ್ತಲ್ಲ." ಇಷ್ಟು ಹೇಳಿ ಮೆಟ್ಟಿಲು ಹತ್ತಿದಳು.

ಕೋಣೆಯಲ್ಲಿ ಎಲ್ಲ ಸಿದ್ಧವಾಗಿತ್ತು. ಸ್ಟೂಲಿನ ಪಕ್ಕ ಆಸ್ಪತ್ರೆಯ ಚಾದರಗಳ ಹೊರೆ, ತೊಳೆದು ಮಡಿಸಿದ್ದು. ಹೊರೆಯ ಮೇಲೆ ಹಳದಿ ದಾರದ ಉಂಡೆ. ಗುರುತಕ್ಕ ಅದನ್ನು ಬೆರಳಲ್ಲಿ ಮುಟ್ಟಿ ನೋಡಿದಳು. ಸೋಡಾದಲ್ಲಿ ನಾಲ್ಕೈದು ಸಲ ಕುದಿಸಿ ಮಂಕು ಮಾಡಿದ ದಾರ. ಕುದಿಸಲು ಹಂಡೆ ಸಿಕ್ಕಿತ್ತು.

ಗಂಜಿ ಮ್ಯಾನೇಜರು ಬಂದರು, ಅವರ ಹಿಂದೆ ಯಜಮಾನರು. ಇಪ್ಪತ್ತೆರಡು ವರ್ಷದಲ್ಲಿ ಯಜಮಾನರು ಆ ಕೋಣೆಗೆ ಕಾಲಿಟ್ಟದ್ದು ಅದೇ ಮೊದಲು. ಬಿಳಿ ಅಂಗಿಯ ತೋಳು ಎಲ್ಲಿಗೂ ತಾಗದ ಹಾಗೆ ಕೈ ಕಟ್ಟಿಕೊಂಡು ನಿಂತರು.

"ಕೆಂಪು ಬಿಚ್ಚು. ಹಳದಿ ಹಾಕು," ಮ್ಯಾನೇಜರು ಅಂದರು. "ಹಳೇ ತೂತಿಗೇ ಹಾಕು, ಹೊಸ ತೂತು ಕಾಣಬಾರದು. ಆ ಕೆಲಸ ನಿನ್ನಷ್ಟು ನೀಟಾಗಿ ಇನ್ಯಾರಿಗೂ ಬರಲ್ಲ. ಇಷ್ಟು ಸಂಜೆಗೆ ಆಗ್ಬೇಕು. ಮಿಕ್ಕಿದ್ದನ್ನ ಅಧಿಕಾರಿ ನೋಡಲ್ಲ."

"ತಂಗಿ ಹೋದ ದುಃಖ ನಮಗೆ ಅರ್ಥ ಆಗತ್ತೆ," ಯಜಮಾನರು ಮೃದುವಾಗಿ ಹೇಳಿದರು. "ನೀನು ನಮ್ಮ ಹಳೇ ಆಳು. ನಿನ್ನ ತಾಯಿ ನಮ್ಮ ತಂದೆಯವರ ಕಾಲದಿಂದ ಇದ್ದವಳು. ಮನೆಯವಳಿದ್ದ ಹಾಗೆ ನೀನು."

ಗುರುತಕ್ಕ ಸ್ಟೂಲಿನ ಮೇಲೆ ಕೂತಳು. ಒಂದು ಚಾದರ ಎಳೆದು ಮೂಲೆಯನ್ನು ಬೆಳಕಿಗೆ ಹಿಡಿದಳು. ಕೆಂಪು ದಾರದ ಸುತ್ತ ಹಳೆಯ ಹಳದಿ ದಾರದ ತೂತುಗಳು ಸಣ್ಣಗೆ ಕಾಣುತ್ತಿದ್ದವು. ಆ ತೂತುಗಳಿಗೆ ದಾರ ತುಂಬಿದರೆ ಸಾಕು. ಹಳದಿ ಯಾವತ್ತೂ ಹೋಗಿಯೇ ಇರಲಿಲ್ಲ ಎಂದಾಗುತ್ತದೆ. ಹಳದಿ ಇತ್ತೆಂದಾದರೆ ಚೀಲ ಬಿಚ್ಚಿದ್ದು ತಂಗಿಯ ತಪ್ಪು. ಮೇಜಿನ ಮೂವರು ಏನು ಕೂಗಿದರೂ ಅದು ಬಾಯಿಮಾತು, ಬಟ್ಟೆ ಮಾತ್ರ ಸಾಕ್ಷಿ. ತಂಗಿಯನ್ನು ಒಮ್ಮೆ ಕೊಂದದ್ದು ಈ ಸೂಜಿ. ಈಗ ಅವಳ ಮೇಲೆ ಕಳ್ಳತನವನ್ನೂ ಹೊಲಿಯಬೇಕು, ಅದೂ ನೀಟಾಗಿ.

ಸೂಜಿಯನ್ನು ಬಟ್ಟೆಗೆ ಚುಚ್ಚದೆ ಗೋಡೆಗೆ ತೂಗುಹಾಕಿದ್ದ ಸೂಜಿಮೆತ್ತೆಗೆ ಚುಚ್ಚಿಟ್ಟಳು.

"ಹಾಕಲ್ಲ," ಅಂದಳು.

ಗಂಜಿ ಮ್ಯಾನೇಜರು ಇಡೀ ಮೈ ತಿರುಗಿಸಿ ಅವಳನ್ನು ನೋಡಿದರು. "ಏನಂದೆ?"

"ಹಾಕಲ್ಲ ಸಾರ್."

"ಹಾಗಾದ್ರೆ ನಾಳೆ ಅಧಿಕಾರಿ ಕೇಳಿದ್ರೆ ಏನು ಹೇಳ್ತೀಯ? ಕೆಂಪು ಹಾಕಿದ ಕೈ ನಿಂದು. ನಿನ್ನ ಗಂಟು ನೋಡಿದ್ರೆ ಲಾಂಡ್ರಿಯ ಗೇಟಿನವನೂ ಹೇಳ್ತಾನೆ. ಮೊದಲು ಸಿಕ್ಕಿಬೀಳೋಳು ನೀನೇ."

"ನಾನೇ ಹಾಕ್ದೆ ಅಂತ ಹೇಳ್ತೀನಿ. ಗೊತ್ತಿದ್ದೂ ಹಾಕ್ದೆ, ತಂಗಿ ಕೇಳಿದ್ರೂ ಸುಳ್ಳು ಹೇಳ್ದೆ ಅಂತ ಹೇಳ್ತೀನಿ. ಮೊದಲು ನಾನೇ ಸಿಕ್ಕಿಬೀಳ್ತೀನಿ." ಅವಳು ಯಜಮಾನರ ಕಡೆ ನೋಡಿದಳು. "ಹಾಕು ಅಂದೋರು ಯಾರು ಅಂತ ಆಮೇಲೆ ಕೇಳ್ತಾರಲ್ಲ."

ಯಜಮಾನರ ಮುಖದ ಮೃದುತನ ಹಾಗೆಯೇ ಇತ್ತು, ತುಟಿ ಮಾತ್ರ ಬಿಳಿಚಿತ್ತು. "ಹೆಂಗಸಿಗೆ ತಲೆ ಕೆಟ್ಟಿದೆ," ಎಂದರು, ಮ್ಯಾನೇಜರಿಗೆ. "ಬೇರೆ ಯಾರನ್ನಾದ್ರೂ ಕೂರಿಸಿ."

ಬಾಗಿಲಲ್ಲಿ ಮೇಜಿನ ಹೆಂಗಸರು ಬಂದು ನಿಂತಿದ್ದರು. ಬಾಯಿಬಡುಕಿ ಮುಂದಿದ್ದಳು. ಅವಳ ಕಣ್ಣಲ್ಲಿ ಕ್ಷಮೆ ಇರಲಿಲ್ಲ, ಗುರುತಕ್ಕ ಅದನ್ನು ಹುಡುಕಲೂ ಇಲ್ಲ.

"ನೀನು ಬಾ," ಮ್ಯಾನೇಜರು ಬಾಯಿಬಡುಕಿಗೆ ಬೆರಳು ತೋರಿಸಿದರು. "ಹೊಲಿಗೆ ಬರತ್ತಲ್ಲ ನಿಂಗೆ?"

"ನಂಗೆ ಬರೋದು ಬಾಯಿ ಒಂದೇ ಸಾರ್," ಅವಳು ಅಂದಳು. ನಿಂತಲ್ಲಿಂದ ಕದಲಲಿಲ್ಲ.

ಮ್ಯಾನೇಜರ ಕುತ್ತಿಗೆ ಕಾಲರಿನ ಮೇಲೆ ಕೆಂಪಾಗಿ ಉಬ್ಬಿತು. "ಆಯ್ತು. ಹೊರಗಿಂದ ದರ್ಜಿ ಕರೆಸ್ತೀನಿ. ಊರಲ್ಲಿ ದರ್ಜಿಗಳಿಗೇನು ಬರವಿಲ್ಲ." ಗುರುತಕ್ಕನ ಕಡೆ ತಿರುಗಿದರು. "ಆ ಹೊರೆ ಇಲ್ಲಿಡು. ಎದ್ದು ಹೊರಗೆ ನಡಿ."

ಗುರುತಕ್ಕ ಹೊರೆಯನ್ನು ಎರಡೂ ಕೈಯಿಂದ ತೊಡೆಯ ಮೇಲೆ ಎಳೆದುಕೊಂಡಳು. ಭಾರವಾಗಿತ್ತು, ಮಂಡಿಗಳು ನೊಂದವು.

"ಏಳು ಅಂದೆ."

"ಅಧಿಕಾರಿ ಬರೋ ತನಕ ಏಳಲ್ಲ," ಅಂದಳು.